ಅತ್ತೆಯ ಕೈಯಿಂದ ಕಾರಿನ ಕೀ ಕಸಿದ ಕಥೆ

“ಈ ಶನಿವಾರ ಸಂಜೆಯೊಳಗೆ ನಿಮ್ಮಮ್ಮನ ಕೈಯಿಂದ ಕಾರಿನ ಕೀ ಇಸ್ಕೊಂಡು ಬರ್ಲಿಲ್ಲ ಅಂದ್ರೆ ನನ್ನ ಹೆಸರು ಯೋಸ್ಟ್ ಅಲ್ಲ!”

ಊಟದ ಮೇಜು ಕುಟ್ಟಿ ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಹೈಕೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

“ಹಾಗಾದ್ರೆ ಬೇರೆ ಹೆಸರು ಈಗ್ಲೇ ಯೋಚ್ನೆ ಮಾಡಿಟ್ಕೋ,” ಎಂದಳು.

“ತಮಾಷೆ ಅಲ್ಲ ಕಣೇ. ಎಂಬತ್ತೆರಡು ವರ್ಷ ಅವರಿಗೆ!”

“ನನಗೆ ಗೊತ್ತಿಲ್ವಾ? ಅಮ್ಮ ಗಾಡಿ ತಗೊಂಡು ಹೊರಟ್ರೆ ವಾಪಸ್ ಬರೋವರ್ಗೂ ನನಗೆ ಅನ್ನ ನೀರು ಸೇರಲ್ಲ. ಫೋನ್ ಬಡ್ಕೊಂಡ್ರೆ ಸಾಕು, ಜೀವ ಬಾಯಿಗೆ ಬರುತ್ತೆ. ಆದ್ರೆ ಹೇಳೋರು ಯಾರು? ನಮ್ಮಣ್ಣ ಹೇಳೋಕೆ ಹೋಗಿ ಏನಾಯ್ತು ನೆನಪಿದೆ ತಾನೆ?”

ನೆನಪಿಲ್ಲದೆ ಏನು! ಬ್ರೆಮೆನ್‌ನಲ್ಲಿರುವ ನನ್ನ ಭಾವ ಹೋದ ಕ್ರಿಸ್‌ಮಸ್‌ಗೆ ಬಂದಿದ್ದಾಗ “ಅಮ್ಮಾ, ಇನ್ನು ಕಾರು ಓಡ್ಸೋದು ಸಾಕಲ್ವಾ?” ಎಂದು ಬಾಯಿ ತೆರೆದಿದ್ದ. ಅವನ ತಟ್ಟೆಯಲ್ಲಿದ್ದ ಹೆಬ್ಬಾತಿನ ತೊಡೆ ಅದೇ ಕ್ಷಣ ನಾಯಿಯ ತಟ್ಟೆಗೆ ವರ್ಗವಾಯಿತು. ಅಂದಿನಿಂದ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಹಾಗೇ ಬಿದ್ದುಕೊಂಡಿತ್ತು. ಕಟ್ಟುವವನು ನಾನು ಎಂದು ಎದ್ದು ನಿಂತೆ. ನಾನು, ಹಾಲೆಂಡಿನ ವೀರಪುತ್ರ!

ಅತ್ತೆ ಇರ್ಮ್‌ಗಾರ್ಡ್ ಇರುವುದು ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲೇ. ಮನೆ ಇರುವುದು ಜರ್ಮನಿಯ ಕಾಸೆಲ್ ಪಟ್ಟಣದಾಚೆ, ಗುಡ್ಡದ ಮೇಲಿನ ಹಳ್ಳಿಯಲ್ಲಿ. ಅಲ್ಲಿಗೆ ಬಸ್ಸು ಬರುವುದು ಅದಕ್ಕೆ ಮನಸ್ಸಾದಾಗ. ಅತ್ತೆಯ ಆಸ್ತಿ ಎಂದರೆ ಎರಡೇ. ಒಂದು, ಮಾವನವರು ಬಿಟ್ಟುಹೋದ ಹಳದಿ ಕಾರು. ಇನ್ನೊಂದು, ಮಡಚಿ ಮಡಚಿ ಒಗೆದ ಬಟ್ಟೆಯಂತಾಗಿರುವ ಬೂದು ಬಣ್ಣದ ಲೈಸೆನ್ಸು. ಅದರ ಫೋಟೋದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಈ ದೇಶದ ಕಾನೂನು ನೋಡಿ ಸ್ವಾಮಿ: ಕಾರಿಗೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ, ಅತ್ತೆಗೆ ಆಯುಷ್ಯಪೂರ್ತಿ ಲೈಸೆನ್ಸು!

ನಮಗೆ ಭಯ ಹತ್ತಿಸಿದ್ದು ಪಕ್ಕದ ಮನೆಯವರು. “ನಿಮ್ಮತ್ತೆ ನಿನ್ನೆ ಆಟೋಬಾನ್ ಹೆದ್ದಾರೀಲಿ ನನ್ನನ್ನ ದಾಟ್ಕೊಂಡು ಹೋದ್ರು. ಕೈ ಬೀಸೋಣ ಅಂತ ಕೈ ಎತ್ತೋದ್ರೊಳಗೆ ಮುಂದಿನ ಜಿಲ್ಲೇಲಿದ್ರು,” ಎಂದು ಬೇಲಿಯಾಚೆಯಿಂದ ಹೇಳಿ ನಕ್ಕರು. ನಮಗೆ ನಗು ಬರಲಿಲ್ಲ.

ಇನ್ನು ನನ್ನ ವಿಷಯ. ನಾನು ಹುಟ್ಟಿದ್ದು ಹಾಲೆಂಡಿನ ಫ್ರೀಸ್‌ಲಾಂಡಿನಲ್ಲಿ. ನಮ್ಮೂರಿನ ಅತಿ ಎತ್ತರದ ಸ್ಥಳವೆಂದರೆ ಕಾಲುವೆಯ ಮೇಲಿನ ಸೇತುವೆ. ನಮ್ಮ ಹೆದ್ದಾರಿಗಳಲ್ಲಿ ಹಗಲು ಹೊತ್ತು ನೂರು ದಾಟಿದರೆ ದಂಡ. ಊರೊಳಗೆ ಸೈಕಲ್ಲೇ ರಾಜ. ಕಾರು ಅದರ ಹಿಂದೆ ತಲೆ ತಗ್ಗಿಸಿಕೊಂಡು ಹೋಗಬೇಕು. ಜರ್ಮನಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಆಟೋಬಾನ್ ಎಂದರೆ ನನಗೆ ಇಂದಿಗೂ ಭಯ. ಅದಕ್ಕೇ ಆಫೀಸಿಗೆ ಹಳ್ಳಿ ದಾರಿ ಹಿಡಿದು ಸುತ್ತಿಕೊಂಡು ಹೋಗುತ್ತೇನೆ. ಯಾರಾದರೂ ಕೇಳಿದರೆ “ಹಸಿರು ನೋಡ್ಕೊಂಡು ಹೋಗ್ತೀನಿ” ಎನ್ನುತ್ತೇನೆ. ಸುಳ್ಳು! ಹಿಂದಿನಿಂದ ಇನ್ನೂರರ ವೇಗದಲ್ಲಿ ಬಂದು ಕನ್ನಡಿ ತುಂಬ ನಿಲ್ಲುವ ದೀಪಗಳನ್ನು ನೋಡಿದರೆ ನಾನು ಸ್ಟೀರಿಂಗನ್ನು ಅಪ್ಪಿಕೊಂಡುಬಿಡುತ್ತೇನೆ. ಇದು ಹೈಕೆಗೂ ಗೊತ್ತಿರಲಿಲ್ಲ.

ಆದರೂ ನನ್ನ ಯೋಜನೆ ಚಾಣಾಕ್ಷವಾಗಿತ್ತು. ಶನಿವಾರ ಫುಲ್ಡಾ ಪಟ್ಟಣದಲ್ಲಿ ಅತ್ತೆಯ ಬಾಲ್ಯದ ಗೆಳತಿ ವಾಲ್‌ಬುರ್ಗಾ ಅವರ ಹುಟ್ಟುಹಬ್ಬದ ಕಾಫಿಕೂಟ. ಅತ್ತೆ ಓಡಿಸುತ್ತಾರೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಒಂದೇ ಒಂದು ತಪ್ಪು ಕಂಡರೆ ಸಾಕು, ಸಂಜೆ ಅದನ್ನೇ ಹಿಡಿದುಕೊಂಡು ಕೀ ಕೇಳುತ್ತೇನೆ.

“ನೀನ್ಯಾಕಪ್ಪ ಬರ್ತೀಯ?” ಎಂದರು ಅತ್ತೆ, ಕಣ್ಣು ಕಿರಿದು ಮಾಡಿ.

“ಕೇಕ್ ಹಿಡ್ಕೊಳ್ಳೋಕೆ ಅತ್ತೆ.”

“ಓಹೋ! ಏನು ಅಳಿಯಂದ್ರೇ ಇಷ್ಟೊಂದು ದಯೆ?”

ಅತ್ತೆ ಮಾಮೂಲಿಯಾಗಿ ನನ್ನನ್ನು ಕರೆಯುವುದು ಏಕವಚನದಲ್ಲಿ. ‘ಅಳಿಯಂದ್ರೇ’ ಎಂದು ಮರ್ಯಾದೆ ಕೊಟ್ಟರೆಂದರೆ ನನ್ನ ಗ್ರಹಚಾರ ಕೆಟ್ಟಿದೆ ಎಂದೇ ಲೆಕ್ಕ. ಅಂತೂ ಬೆಣ್ಣೆಯ ಕ್ರೀಮು ಮೆತ್ತಿದ, ಮೇಲೆ ಕೆಂಪು ಚೆರ್ರಿ ಹಣ್ಣು ಕೂರಿಸಿದ ಭಾರಿ ಕೇಕನ್ನು ತೊಡೆಯ ಮೇಲಿಟ್ಟುಕೊಂಡು, ಸೀಟ್ ಬೆಲ್ಟ್ ಬಿಗಿದುಕೊಂಡು, ಊರಿನ ಎಲ್ಲ ಸಂತರನ್ನೂ ನೆನೆದು ಕೂತೆ.

ಹಳ್ಳಿಯೊಳಗೆ ಅತ್ತೆ ಓಡಿಸಿದ ಪರಿ ನೋಡಿ ನನಗೆ ನಿರಾಸೆಯೇ ಆಯಿತು. ಮೂವತ್ತು ಎಂದು ಬೋರ್ಡಿದ್ದರೆ ಮೂವತ್ತು, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ. ಪ್ರತಿ ಅಡ್ಡರಸ್ತೆಯಲ್ಲೂ ಬಲಗಡೆ ನೋಡಿ, ಬಲದಿಂದ ಬಂದವರಿಗೆ ದಾರಿ ಬಿಟ್ಟು, ಒಂದು ಕೋಳಿಗೂ ಗೌರವ ಕೊಟ್ಟು ಮುಂದೆ ಹೋದರು. ಆಟೋಬಾನ್ ಸೇರಿದ ಮೇಲೂ ನೂರರ ಮಿತಿ ಇರುವಷ್ಟು ದೂರ ನೂರೇ. ನನಗೆ ಜೀವ ಬಂದ ಹಾಗಾಯಿತು. ಇಷ್ಟೇನಾ! ಪಕ್ಕದ ಮನೆಯವರಿಗೆ ಕಣ್ಣು ಪರೀಕ್ಷೆ ಆಗಬೇಕು ಎಂದುಕೊಂಡೆ.

ಆಗ ರಸ್ತೆ ಬದಿಯಲ್ಲಿ ಅದು ಕಾಣಿಸಿತು. ಬಿಳಿ ದುಂಡು ಫಲಕ, ಅದರ ಮೇಲೆ ಓರೆಯಾಗಿ ಎಳೆದ ಕಪ್ಪು ಗೆರೆಗಳು. ಮಿತಿ ಮುಗಿಯಿತು, ಇನ್ನು ನಿಮ್ಮಿಷ್ಟ ಎಂದು ಅದರ ಅರ್ಥ.

“ಬಂತು!” ಎಂದರು ಅತ್ತೆ. ಎರಡು ಜಡೆಯ ಹುಡುಗಿಯ ದನಿಯಲ್ಲಿ.

ನನ್ನ ಬೆನ್ನು ಸೀಟಿಗೆ ಅಂಟಿತು. ಹೊಟ್ಟೆ ಹಿಂದಿನ ಫಲಕದ ಹತ್ತಿರವೇ ಉಳಿದುಹೋಯಿತು! ಕಾಸೆಲ್‌ನ ಗುಡ್ಡಗಳ ಮೇಲೆ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇಳಿಜಾರು ಕಂಡಾಗೆಲ್ಲ ನಾನು ಕಾಲಡಿ ಇಲ್ಲದ ಬ್ರೇಕನ್ನು ತುಳಿದೆ. ಮುಳ್ಳು ನೂರೈವತ್ತು ದಾಟಿತು, ನೂರೆಪ್ಪತ್ತು ದಾಟಿತು. ನನ್ನ ಕಣ್ಣು ಮುಳ್ಳಿನ ಮೇಲೆ, ನನ್ನ ಬೆರಳು ಕೇಕಿನ ಡಬ್ಬಿಯ ಮೇಲೆ, ನನ್ನ ಪ್ರಾಣ ಎಲ್ಲಿತ್ತೋ ನನಗೆ ಗೊತ್ತಿಲ್ಲ.

“ಅತ್ತೆ, ಸ್ವಲ್ಪ... ನಿಧಾನ...”

“ಯಾಕೆ? ರಸ್ತೆ ಖಾಲಿ ಇದೆ, ಹಗಲಿದೆ, ಟೈರು ಹೊಸದು. ನೀನು ಯಾಕೆ ಪದೇ ಪದೇ ನೆಲ ಒದೀತಿದೀಯ? ತೂತು ಬಿದ್ದೀತು!”

ಹೀಗೆ ಹೇಳುತ್ತಾ ಅವರು ಎಡಗಡೆಯ ಲೇನಿಗೆ ಹೋಗಿ ಒಂದು ಲಾರಿಯನ್ನು ದಾಟಿ, ತಕ್ಷಣ ಬಲಕ್ಕೆ ಬಂದರು. ಬಂದ ಮರುಕ್ಷಣ ಎಡಗಡೆ ‘ಸುಯ್ಯ್’ ಎಂದು ಕಪ್ಪನೆಯದೊಂದು ಹೋಯಿತು. ಅದು ಕಾರೋ, ವಿಮಾನವೋ, ಯಮನ ಕೋಣವೋ ತಿಳಿಯಲಿಲ್ಲ.

“ನೋಡ್ದಾ?” ಎಂದರು ಅತ್ತೆ. “ಎಡಗಡೆ ಲೇನ್ ಅನ್ನೋದು ಕೈಗಡ ತಂದ ವಸ್ತು. ಕೆಲಸ ಆದ ಕೂಡ್ಲೇ ವಾಪಸ್ ಕೊಟ್ಬಿಡ್ಬೇಕು. ನಾನೂ ನಿಮ್ಮ ಮಾವನೂ ಎಷ್ಟು ದೇಶ ಸುತ್ತಿದೀವಿ! ಇಟಲಿಯವ್ರು ಒಂದು ಕೈ ಹಾರ್ನ್ ಮೇಲೆ, ಇನ್ನೊಂದು ಕೈ ಕಿಟಕಿ ಆಚೆ ಇಟ್ಕೊಂಡು ಮಾತಾಡ್ತಾ ಓಡಿಸ್ತಾರೆ. ಸ್ಟೀರಿಂಗ್ ದೇವರ ಕೈಲಿರುತ್ತೆ. ಪ್ಯಾರಿಸ್ಸಿನವ್ರು ಮುಂದಿನ ಕಾರಿಗೆ ಒಂದ್ಸಲ, ಹಿಂದಿನ ಕಾರಿಗೆ ಒಂದ್ಸಲ ಗುದ್ದಿ ಆಮೇಲೆ ನಿಲ್ಲಿಸ್ತಾರೆ. ಸ್ವಿಟ್ಜರ್‌ಲೆಂಡಿನವ್ರು ಅವರ ಊರಲ್ಲಿ ಸಾಧುಗಳು, ನಮ್ಮ ಗಡಿ ದಾಟಿದ್ರೆ ಹುಲಿಗಳು. ಇನ್ನು ನಿಮ್ಮೂರವ್ರು...”

“ನಮ್ಮೂರವರು ಏನು?”

“ಅಲ್ಲಿ ನೋಡು.”

ನಮ್ಮ ಮುಂದೆ ಮಧ್ಯದ ಲೇನಿನಲ್ಲಿ ಹಾಲೆಂಡಿನ ಹಳದಿ ನಂಬರ್ ಪ್ಲೇಟಿನ ಕಾರೊಂದು ಚಕ್ರದ ಮನೆಯನ್ನು ಕಟ್ಟಿಕೊಂಡು ಎಂಬತ್ತರಲ್ಲಿ ತೇಲುತ್ತಿತ್ತು. ಕಿಟಕಿಗೆ ಪರದೆ, ಹಿಂದೆ ಎರಡು ಸೈಕಲ್ಲು. ನನ್ನ ತಾಯ್ನಾಡು!

“ಮನೇನೇ ಎಳ್ಕೊಂಡು ಬರ್ತಾರೆ,” ಎಂದರು ಅತ್ತೆ. “ಮನೆ ಬಿಟ್ಟು ಬರೋಕೆ ಅಷ್ಟೊಂದು ಭಯ ಆದ್ರೆ ಬರೋದ್ಯಾಕೆ?”

ಹೇಳಿ ಬ್ರೇಕ್ ಒತ್ತಿದರು. ಚೊಕ್ಕವಾಗಿ, ಬೇಕಾದಷ್ಟೇ. ಆದರೆ ಅದೇ ಹೊತ್ತಿಗೆ ನಾನೂ ನನ್ನ ಇಲ್ಲದ ಬ್ರೇಕನ್ನು ಎರಡೂ ಕಾಲಿನಲ್ಲಿ ತುಳಿದೆ, ಕಣ್ಣು ಮುಚ್ಚಿ ಮುಂದಕ್ಕೆ ಬಾಗಿದೆ. ಡಬ್ಬಿಯ ಮುಚ್ಚಳ ಕುಸಿಯಿತು. ಕಣ್ಣು ಬಿಟ್ಟಾಗ ಏನೂ ಕಾಣಿಸಲಿಲ್ಲ. ಸತ್ತೇ ಹೋದೆ ಎಂದುಕೊಂಡೆ. ಸ್ವರ್ಗ ಬೆಳ್ಳಗೆ, ತಣ್ಣಗೆ, ಸಿಹಿಯಾಗಿತ್ತು.

“ಅಯ್ಯೋ ನನ್ನ ಕೇಕು!” ಎಂದು ಅತ್ತೆ ಕೂಗಿದ ಮೇಲೆ ಬದುಕಿದ್ದೇನೆಂದು ಖಾತ್ರಿಯಾಯಿತು.

ಫುಲ್ಡಾದಲ್ಲಿ ವಾಲ್‌ಬುರ್ಗಾ ನನ್ನ ಮುಖ ನೋಡಿ “ಹುಟ್ಟುಹಬ್ಬದ ಕೇಕು ನಡ್ಕೊಂಡೇ ಬಂತಲ್ಲೇ ಇರ್ಮ್‌ಗಾರ್ಡ್!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಬತ್ತು ದಾಟಿದ ಅಷ್ಟೂ ಹೆಂಗಸರು ನನ್ನ ಹುಬ್ಬಿನ ಮೇಲಿನ ಚೆರ್ರಿಯನ್ನು ನೋಡಲು ಕನ್ನಡಕ ಹಾಕಿಕೊಂಡರು. ನಾನು ಕಾಫಿ ಕುಡಿದೆ. ತಲೆಯಲ್ಲಿ ಒಂದೇ ಯೋಚನೆ: ಇದೇ ದಾರಿಯಲ್ಲಿ ವಾಪಸ್ ಹೋಗಬೇಕು!

ಹೊರಡುವ ಹೊತ್ತಿಗೆ ಕಾರಿನ ಬಳಿ ಅತ್ತೆಯನ್ನು ತಡೆದೆ. ಬಾಯಿಪಾಠ ಮಾಡಿದ್ದ ಭಾಷಣ ಮರೆತುಹೋಗಿತ್ತು.

“ಅತ್ತೆ, ಹೈಕೆಗೆ ತುಂಬ ಭಯ. ನಿಮ್ಮ ವಯಸ್ಸು... ಅಂದ್ರೆ... ಕೀ...”

ಅತ್ತೆ ನನ್ನನ್ನೇ ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ.

“ಕೇಕ್ ಹಿಡ್ಕೊಳ್ಳೋಕೆ ಬಂದಿದ್ದಲ್ಲ ನೀನು, ಗೊತ್ತಿತ್ತು. ನೋಡು ಯೋಸ್ಟ್, ಕೀ ಕೊಡೋದು ದೊಡ್ಡ ಮಾತಲ್ಲ. ಆಮೇಲೆ? ಕೂದಲು ಕತ್ತರಿಸ್ಕೊಳ್ಳೋಕೆ ನಿನ್ನನ್ನ ಕೇಳ್ಬೇಕು. ವಾಲ್‌ಬುರ್ಗಾನ ನೋಡೋಕೆ ಹೈಕೆನ ಕೇಳ್ಬೇಕು. ನೀವು ಇಲ್ಲ ಅನ್ನಲ್ಲ, ಒಳ್ಳೇ ಮಕ್ಕಳು. ಆದ್ರೆ ಕೇಳಬೇಕಲ್ಲ! ನನಗೂ ಭಯ ಇದೆ ಕಣೋ. ರಸ್ತೆ ಭಯ ಅಲ್ಲ, ಅದರ ಭಯ.”

ಅವರು ಹೇಳಿದ್ದು ನೂರಕ್ಕೆ ನೂರು ನಿಜ ಎನಿಸಿತು. ಪಾಪದ ಜೀವ ಎನಿಸಿತು. ಒಳ್ಳೆಯ ಅಳಿಯನಾದವನು ಆಗಲೇ ಬಾಯಿ ಮುಚ್ಚಿಕೊಂಡು ಪಕ್ಕದ ಸೀಟಿನಲ್ಲಿ ಕೂರಬೇಕಿತ್ತು. ಆದರೆ ಆ ಬಿಳಿ ಫಲಕ ಕಣ್ಣ ಮುಂದೆ ಬಂದು ನನ್ನ ಒಳ್ಳೆಯತನವನ್ನೆಲ್ಲ ಒರೆಸಿಹಾಕಿತು.

“ಇವತ್ತೊಂದಿನ ಕೊಡಿ ಅತ್ತೆ, ನಾನು ಓಡಿಸ್ತೀನಿ. ನಿಮಗೂ ಸುಸ್ತಾಗಿದೆ.”

“ನನಗೆಂಥ ಸುಸ್ತು?”

“ನನಗೆ ಆಗಿದೆ!”

ಅತ್ತೆ ನಿಟ್ಟುಸಿರು ಬಿಟ್ಟು ಕೀ ಕೊಟ್ಟರು. ಕೊಟ್ಟೇಬಿಟ್ಟರು! ತಕ್ಷಣ ಹೈಕೆಗೆ ಸಂದೇಶ ಕಳಿಸಿದೆ: ‘ಕೀ ನನ್ನ ಕೈಯಲ್ಲಿ.’ ಅರ್ಧ ಸತ್ಯವೂ ಸತ್ಯವೇ ತಾನೆ? ‘ನೀನು ದೇವರು ಕಣೋ!’ ಎಂದು ಉತ್ತರ ಬಂತು. ಜತೆಗೆ ‘ಅಣ್ಣನಿಗೂ ಹೇಳ್ತೀನಿ, ಸಂಜೆಗೆ ವೈನ್ ತಣ್ಣಗಿಡ್ತೀನಿ’ ಎಂದೂ ಇತ್ತು.

ಮಧ್ಯದ ಲೇನಿನಲ್ಲಿ ತೊಂಬತ್ತರಲ್ಲಿ ಹೊರಟೆ. ಇಡೀ ಜರ್ಮನಿ ನನ್ನ ಹಿಂದೆ ಸಾಲುಗಟ್ಟಿತು. ಕನ್ನಡಿಯಲ್ಲಿ ದೀಪಗಳು ಮಿನುಗಿದವು. ನನ್ನನ್ನು ದಾಟಿದ ಪ್ರತಿಯೊಬ್ಬರೂ ಕಿಟಕಿಯಿಂದ ಒಮ್ಮೆ ತಿರುಗಿ ನೋಡಿಯೇ ಮುಂದೆ ಹೋದರು. ಒಬ್ಬ ಮುದುಕ, ಒಬ್ಬ ಪಾದ್ರಿ, ಕೊನೆಗೆ ಒಂದು ಶವದ ಗಾಡಿ ಕೂಡ!

“ಆ ಸತ್ತವನಿಗಿರೋ ಆತುರಾನಾದ್ರೂ ನಿನಗೆ ಬೇಡ್ವಾ?” ಎಂದರು ಅತ್ತೆ. “ಬಲಕ್ಕೆ ಹೋಗು.”

“ಬಲಗಡೆ ಲಾರಿಗಳಿವೆ ಅತ್ತೆ.”

“ಲಾರಿಗಳು ನಿನಗಿಂತ ಜೋರಾಗಿ ಹೋಗ್ತಿವೆ!”

ಗುಡ್ಡ ಏರಿ ಇಳಿಯುವಷ್ಟರಲ್ಲಿ ಮುಂದೆ ಕೆಂಪು ದೀಪಗಳು ಹೊತ್ತಿಕೊಂಡವು. ಎಲ್ಲೋ ಮುಂದೆ ಅಪಘಾತ. ಕಾರುಗಳೆಲ್ಲ ನಿಧಾನಿಸಿದವು. ನಿಲ್ಲುವುದಕ್ಕೆ ಮೊದಲೇ, ಯಾರೂ ಹೇಳದೆ, ಎಡಗಡೆಯ ಸಾಲಿನವರು ಇನ್ನೂ ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಆಂಬುಲೆನ್ಸಿಗೆ ದಾರಿ ಬಿಟ್ಟರು. ಇದನ್ನು ಈ ದೇಶದವರು ತಾಯಿಯ ಹಾಲಿನ ಜತೆ ಕುಡಿದಿರುತ್ತಾರೆ.

“ಬಲಕ್ಕೆ ಸರಿಸು,” ಎಂದರು ಅತ್ತೆ.

ನನ್ನ ಬಲಕ್ಕೆ ಒಂದು ಲಾರಿ ನಿಂತಿತ್ತು. ಅದರ ಚಕ್ರ ನನ್ನ ತಲೆಗಿಂತ ಎತ್ತರ. ಅದರ ಎಂಜಿನ್ ಗುರ್ ಎನ್ನುತ್ತಿತ್ತು. ಅದರ ಹತ್ತಿರ ಹೋಗುವುದೆಂದರೆ ಮಲಗಿದ ಆನೆಯ ಹೊಟ್ಟೆಯಡಿ ನುಸುಳಿದ ಹಾಗೆ. ನನ್ನ ಕೈ ತಾನಾಗಿಯೇ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿತು.

“ಬಲಕ್ಕೆ ಅಂದೆ!”

“ಲಾರಿ ತಾಗುತ್ತೆ ಅತ್ತೆ!”

“ಇನ್ನೂ ಮೊಳದುದ್ದ ಜಾಗ ಇದೆ ಕಣೋ!”

ಅಷ್ಟರಲ್ಲಿ ಹಿಂದಿನಿಂದ ಸೈರನ್ ಕೇಳಿಸಿತು. ಕನ್ನಡಿಯಲ್ಲಿ ನೋಡಿದೆ. ಕಣ್ಣು ಹಾಯುವಷ್ಟು ದೂರ ರಾಜಬೀದಿಯ ಹಾಗೆ ದಾರಿ ತೆರೆದಿತ್ತು. ಮುಂದೆಯೂ ತೆರೆದಿತ್ತು. ನಡುವೆ, ಸೀಸೆಗೆ ಬಿರಡೆ ಹಾಕಿದಂತೆ, ಒಂದೇ ಒಂದು ಹಳದಿ ಕಾರು! ಕ್ಲಚ್ಚು ಬಿಟ್ಟೆ, ಕಾರು ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಕೀ ತಿರುಗಿಸಿದೆ, ವೈಪರ್ ಓಡಿತು. ಸೈರನ್ ಕಿವಿಯ ಹತ್ತಿರ ಬಂತು. ಒಳಗೆ ಯಾರಾದರೂ ಸಾಯುತ್ತಿದ್ದರೆ? ನನ್ನಿಂದ ಸಾಯುತ್ತಿದ್ದರೆ? ಲಿಫ್ಟಿನಲ್ಲಿ ಜತೆಗಿದ್ದರೂ ಮಾತಾಡದ ಈ ಜನ, ಈಗ ನೂರು ಕಿಟಕಿ ಇಳಿಸಿ ಒಟ್ಟಿಗೇ ಕೂಗತೊಡಗಿದರು.

“ಬಲಕ್ಕೆ ಹೋಗ್ರೀ!”

“ನಿಮಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರ್ರೀ?”

ಕೊನೆಗೆ ಆಂಬುಲೆನ್ಸಿನ ಮೈಕೇ ಮಾತಾಡಿತು: “ಹಳದಿ ಕಾರು! ದಯವಿಟ್ಟು ನಿದ್ದೆಯಿಂದ ಏಳಿ!”

ಅತ್ತೆ ಪಕ್ಕದಿಂದ ಕೈ ಹಾಕಿ ಸ್ಟೀರಿಂಗ್ ಹಿಡಿದುಕೊಂಡರು. “ಕ್ಲಚ್ ಒತ್ತು. ಕೀ ತಿರುಗಿಸು. ಈಗ ಬಿಡು, ನಿಧಾನ. ಉಸಿರಾಡು!” ಕಾರು ಲಾರಿಯ ಪಕ್ಕಕ್ಕೆ ಬೆಣ್ಣೆಯಂತೆ ಸರಿದು ನಿಂತಿತು. ಅವರು ಹೇಳಿದ್ದಕ್ಕಿಂತ ಹೆಚ್ಚೇ ಜಾಗವಿತ್ತು. ಆಂಬುಲೆನ್ಸ್ ಹೋಯಿತು. ಅದರ ಹಿಂದೆ ಬಂದ ಪೊಲೀಸ್ ಬೈಕು ಮಾತ್ರ ಹೋಗಲಿಲ್ಲ.

ಪೊಲೀಸಿನವರು ಬಗ್ಗಿ ನೋಡಿದರು. ಅವರ ಕಣ್ಣು ಮೊದಲು ಬಿದ್ದದ್ದು ಅತ್ತೆಯ ಬಿಳಿ ಕೂದಲಿನ ಮೇಲೆ.

“ಅಜ್ಜಿ, ಓಡಿಸ್ತಿದ್ದಿದ್ದು ನೀವಾ?”

“ಸ್ಟೀರಿಂಗ್ ಯಾರ ಮುಂದಿದೆ ನೋಡಿ ಸ್ವಾಮಿ. ನಾನಾಗಿದ್ರೆ ನೀವು ಬೈಕಿಂದ ಇಳಿಯೋ ಕೆಲಸಾನೇ ಇರ್ತಿರ್ಲಿಲ್ಲ.”

ಅವರು ನನ್ನ ಕಡೆ ತಿರುಗಿದರು. “ದಾರಿ ಯಾಕ್ರೀ ಬಿಡ್ಲಿಲ್ಲ?”

“ಭಯ ಆಯ್ತು ಸಾರ್.”

“ಯಾವುದರ ಭಯ?”

ಹೇಳಲೇಬೇಕಾಯಿತು. ಇಪ್ಪತ್ತೆರಡು ವರ್ಷ ಹೆಂಡತಿಗೂ ಹೇಳದ್ದನ್ನು ಅಪರಿಚಿತ ಪೊಲೀಸಿನವರಿಗೆ, ಅತ್ತೆಯ ಎದುರಿಗೆ ಹೇಳಿದೆ. “ಲಾರಿ ಭಯ ಸಾರ್. ಹಿಂದಿನಿಂದ ಬರೋರ ಭಯ. ಗುಡ್ಡದ ಭಯ. ಎಲ್ಲಾದರ ಭಯ.”

“ಯಾವೂರು ನಿಮ್ದು?”

“ಹುಟ್ಟಿದ್ದು ಫ್ರೀಸ್‌ಲಾಂಡು.”

“ಓ...” ಎಂದರು ಅವರು. ಆ ಒಂದಕ್ಷರದಲ್ಲಿ ಒಂದಿಡೀ ದೇಶದ ಮೇಲಿನ ಕನಿಕರವಿತ್ತು. ಆದರೆ ಕನಿಕರ ಬೇರೆ, ಕಾನೂನು ಬೇರೆ. ದಂಡ, ಎರಡು ಅಂಕ, ಒಂದು ತಿಂಗಳು ಗಾಡಿ ಮುಟ್ಟುವಂತಿಲ್ಲ! ಇಲ್ಲಿ ಅಂಕ ಬರುವುದು ತಪ್ಪು ಮಾಡಿದವರಿಗೆ. ಶಾಲೆಯಲ್ಲಿ ಓದಿ ಓದಿ ಸತ್ತರೂ ನನಗೆ ಇಷ್ಟು ಸುಲಭವಾಗಿ ಅಂಕ ಸಿಕ್ಕಿರಲಿಲ್ಲ. ಮುಂದೆ ಹೋದಾಗ ತಿಳಿಯಿತು, ಮಗುಚಿದ್ದು ಎಲೆಕೋಸಿನ ಲಾರಿ. ಚಾಲಕ ಕೋಸುಗಳ ನಡುವೆ ಕಂಬಳಿ ಹೊದ್ದು ಕೂತು ಸಾಸೇಜು ತಿನ್ನುತ್ತಿದ್ದ. ಅವನನ್ನು ನೋಡಿ ನನಗೆ ಅಳುವೇ ಬಂತು.

ಅಷ್ಟು ಹೊತ್ತಿಗೆ ಓಡಿಸುತ್ತಿದ್ದವರು ಅತ್ತೆ. ಕೀ ನನ್ನ ಕೈಯಲ್ಲಿದ್ದದ್ದು ಒಂದು ಗುಡ್ಡದಿಂದ ಇನ್ನೊಂದು ಗುಡ್ಡದವರೆಗೆ ಮಾತ್ರ. ದಾರಿಯುದ್ದಕ್ಕೂ ಅವರು ಬೈಯಲಿಲ್ಲ. ಒಮ್ಮೆ ಮಾತ್ರ, “ಭಯ ಇದ್ರೆ ಹೇಳಬಾರ್ದೇನೋ? ನಾನೂ ಹೇಳಿದ್ನಲ್ಲ,” ಎಂದರು. ಬಿಳಿ ಫಲಕ ಬಂದಾಗ ನನ್ನ ಮುಖ ನೋಡಿ ನೂರಮೂವತ್ತಕ್ಕೇ ನಿಲ್ಲಿಸಿದರು. ಅವರ ಪಾಲಿಗೆ ಅದು ಉಪವಾಸ.

ಮನೆಯಲ್ಲಿ ಹೈಕೆ ಒಂದು ಕೈಯಲ್ಲಿ ವೈನು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾರಿನಿಂದ ಯಾರು ಯಾವ ಕಡೆಯಿಂದ ಇಳಿದರು ಎಂದು ನೋಡಿದಳು. ನನ್ನ ಕಾಲರಿನ ಕ್ರೀಮು ನೋಡಿದಳು. ಅತ್ತೆ ಎರಡೇ ಮಾತಿನಲ್ಲಿ ವಿಷಯ ಮುಗಿಸಿದರು. ಹೈಕೆ ಫೋನು ಕಿವಿಗೆ ಹಿಡಿದಳು.

“ಅಣ್ಣಾ, ಲೈಸೆನ್ಸ್ ಹೋಗೋದು ಗ್ಯಾರಂಟಿ ಆಯ್ತು ಕಣೋ... ಹ್ಞೂಂ, ಯೋಸ್ಟೇ ಮಾಡಿದ್ದು... ಅಲ್ಲ ಅಲ್ಲ, ಅಮ್ಮಂದಲ್ಲ.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅಳಿಯನಿಗೆ ಯಾವ ಕಾಲವನ್ನೂ ಯಾರೂ ಬರೆದಿಟ್ಟಿಲ್ಲ! ನನ್ನ ಲೈಸೆನ್ಸು ಸರಕಾರದ ಬೀರುವಿನಲ್ಲಿ ಮಲಗಿದ್ದ ಆ ತಿಂಗಳಿಡೀ ಆಫೀಸಿಗೆ ನನ್ನನ್ನು ಕರೆದೊಯ್ದವರು ಅತ್ತೆ. ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಕ್ಷೌರಕ್ಕೆ ಹೋಗಬೇಕಾದರೆ “ಅತ್ತೆ, ಸ್ವಲ್ಪ ಬಿಡುವಿದೆಯಾ?” ಎಂದು ಕೇಳಬೇಕು. ಬೂಟು ಕೊಳ್ಳಬೇಕಾದರೆ ಕೇಳಬೇಕು. ಅವರು ಒಂದು ದಿನವೂ ಇಲ್ಲ ಎನ್ನಲಿಲ್ಲ. ಆದರೆ ಕೇಳಬೇಕಲ್ಲ! ಅವರು ಫುಲ್ಡಾದಲ್ಲಿ ಹೇಳಿದ ಭಯ ಎಂಥದ್ದೆಂದು ನನಗೆ ಆಗ ಸರಿಯಾಗಿ ಅರ್ಥವಾಯಿತು. ಇನ್ನು ಈ ಜನ್ಮದಲ್ಲಿ ಅವರ ಬಳಿ ಕೀ ಕೇಳುವುದಿಲ್ಲ ಎಂದು ಹೈಕೆಗೆ ಹೇಳಿಬಿಟ್ಟೆ. ಅವಳೂ ಸುಮ್ಮನಾದಳು.

ಲೈಸೆನ್ಸು ವಾಪಸ್ ಬಂದ ದಿನ ಅತ್ತೆ ತಾವಾಗಿಯೇ ಮೆಟ್ಟಿಲು ಹತ್ತಿ ಮೇಲೆ ಬಂದರು. ಮೇಜಿನ ಮೇಲೆ ಹಳದಿ ಕಾರಿನ ಕೀ ಇಟ್ಟರು.

“ತಗೋ ಯೋಸ್ಟ್. ಇನ್ನು ಇದು ನನಗೆ ಬೇಡ.”

ಹೈಕೆಯ ಕಣ್ಣಲ್ಲಿ ನೀರು ಬಂತು. ನಾನು ಕೀಯನ್ನು ಅವರ ಕಡೆಗೇ ತಳ್ಳಿದೆ. “ಅತ್ತೆ, ನಾನು ಹೇಳಿದ್ದು ಮನಸ್ಸಿಗೆ ಹಚ್ಕೊಂಡ್ಬಿಟ್ರಾ? ಬೇಡ ಅತ್ತೆ, ಇಟ್ಕೊಳ್ಳಿ! ಕಾರು ಇಲ್ದೆ ನೀವು ಹೇಗಿರ್ತೀರಿ?”

“ಕಾರು ಇಲ್ದೆ ಯಾರಿರ್ತಾರೆ? ನನ್ನ ಹೊಸದು ನಾಳೆ ಬರುತ್ತೆ,” ಎಂದರು ಅತ್ತೆ. “ಇದು ನೂರೆಂಬತ್ತು ದಾಟಿದ್ರೆ ನಡುಗುತ್ತೆ ಕಣೋ. ನಿನಗೆ ಸರಿಯಾದ ಜೋಡಿ.”